ದಕ್ಷಿಣ ಫ್ರಾನ್ಸಿನಲ್ಲಿ ಒಂದು ನಿಧಾನದ ಶನಿವಾರ: ಆರ್ಲ್, ಎಕ್ಸ್, ನೀಮ್, ಮೊಂಪೆಲಿಯೆ, ಅವಿನ್ಯೋನ್ – ಯಾವ ಊರು ಯಾರಿಗೆ?

ಫ್ರಾನ್ಸ್ ಪ್ರವಾಸ ಅಂದರೆ ಮೊದಲು ಪ್ಯಾರಿಸ್, ಉಳಿದ ದಿನಗಳಲ್ಲಿ ಹಾಗೇ ದಕ್ಷಿಣದ ಕಡೆ ಒಂದು ಸುತ್ತು. ನಮ್ಮವರಲ್ಲಿ ಹೆಚ್ಚಿನವರ ಪ್ಲ್ಯಾನ್ ಇದೇ. ಆ ಸುತ್ತಿನಲ್ಲಿ ಶನಿವಾರವೊಂದು ಸಿಕ್ಕಿದರೆ ಅದನ್ನು ಯಾವ ಊರಿಗೆ ಕೊಡಬೇಕು ಅಂತ ಸ್ವಲ್ಪ ಯೋಚಿಸಿ. ಅಲ್ಲಿ ಶನಿವಾರ ಬೇರೆ ದಿನಗಳ ಹಾಗಲ್ಲ. ಎಷ್ಟೋ ಊರುಗಳಲ್ಲಿ ವಾರದ ದೊಡ್ಡ ಸಂತೆ ನಡೆಯುವುದು ಅವತ್ತೇ. ಊರಿನವರೇ ಬುಟ್ಟಿ ಹಿಡಿದು ಬೀದಿಗೆ ಬಂದಿರುತ್ತಾರೆ. ಸಂಜೆ ಏಳರ ತನಕ ಅಂಗಡಿಗಳು ತೆರೆದಿರುತ್ತವೆ. ಮರುದಿನ ಭಾನುವಾರ ಅದೇ ಬೀದಿಗೆ ಹೋಗಿ ನೋಡಿ, ಮುಕ್ಕಾಲು ಬಾಗಿಲು ಮುಚ್ಚಿರುತ್ತದೆ.

ನಾನಿಲ್ಲಿ ಹೋಲಿಸುತ್ತಿರುವ ಐದೂ ಊರುಗಳು ಒಂದಕ್ಕೊಂದು ಹತ್ತಿರ. ಆರ್ಲ್‌ನಿಂದ ಅವಿನ್ಯೋನ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ನೀಮ್‌ನಿಂದ ಮೊಂಪೆಲಿಯೆಗೆ ಅರ್ಧ ಗಂಟೆ. ಹತ್ತಿರ ಇರುವುದೇ ತೊಂದರೆ. ಬೆಳಗ್ಗೆ ಅವಿನ್ಯೋನ್, ಮಧ್ಯಾಹ್ನ ನೀಮ್, ಸಂಜೆ ಆರ್ಲ್ ಅಂತ ಮೂರು ಊರು ಪೋಣಿಸುವ ಆಸೆ ಹುಟ್ಟುತ್ತದೆ. ಮಾಡಬಹುದು, ರೈಲುಗಳಿವೆ. ಆದರೆ ಕೊನೆಗೆ ನೆನಪಿರುವುದು ಪ್ಲಾಟ್‌ಫಾರಂ ನಂಬರ್ ಮಾತ್ರ. ಶನಿವಾರಕ್ಕೆ ಒಂದೇ ಊರು ಸಾಕು ಅನ್ನುವುದು ನನ್ನ ಹಟ.

ಹಾಗಾದರೆ ಯಾವುದು? ಯಾವ ಊರಲ್ಲಿ ನೋಡುವುದು ಎಷ್ಟಿದೆ ಅಂತ ಎಣಿಸಲು ಹೋಗಬೇಡಿ. ಎಣಿಸಿದರೆ ಐದೂ ಗೆಲ್ಲುತ್ತವೆ. ದಿನದ ಯಾವ ಹೊತ್ತು ನಿಮಗೆ ಮುಖ್ಯ ಅಂತ ಕೇಳಿಕೊಳ್ಳಿ. ಬೆಳಗಿನ ಸಂತೆಗಾಗಿಯೇ ಹೋಗುವವರಿಗೆ ಆರ್ಲ್. ಮಧ್ಯಾಹ್ನ ನೆರಳಲ್ಲಿ ಕಾಲು ಚಾಚಿ ಕೂರುವವರಿಗೆ ಎಕ್ಸ್ ಇಲ್ಲವೇ ನೀಮ್. ಸಂಜೆಯ ಗಲಗಲ ಬೇಕಿದ್ದರೆ ಮೊಂಪೆಲಿಯೆ. ಅವಿನ್ಯೋನ್ ಒಂಥರಾ ಎಲ್ಲ ಹೊತ್ತಿಗೂ ಸರಿ, ಜುಲೈ ಒಂದು ಬಿಟ್ಟು.

ಮೊದಲು ಅಲ್ಲಿನ ಗಡಿಯಾರ

ಯಾವ ಊರಿಗೇ ಹೋಗಿ, ಈ ಸಮಯ ತಲೆಯಲ್ಲಿರಲಿ. ಸಂತೆ ಎಂಟಕ್ಕೆಲ್ಲ ಶುರು. ಹನ್ನೆರಡೂವರೆಗೆ ಗುಡಾರ ಬಿಚ್ಚಲು ತೊಡಗುತ್ತಾರೆ. ಒಂದೂವರೆಗೆ ಹೋದರೆ ರಸ್ತೆ ತೊಳೆಯುವ ಗಾಡಿ ಮಾತ್ರ ಕಾಣುತ್ತದೆ. ಊಟದ ಹೊತ್ತು ಹನ್ನೆರಡರಿಂದ ಎರಡು. ಎರಡು ಗಂಟೆ ದಾಟಿತೋ, ಬಹಳಷ್ಟು ಹೋಟೆಲುಗಳಲ್ಲಿ ಅಡುಗೆಮನೆ ಬಂದ್. ಆಮೇಲೆ ಏಳು, ಏಳೂವರೆ ತನಕ ಕಾಫಿ, ಐಸ್‌ಕ್ರೀಂ ಅಷ್ಟೇ. ರಜೆ ಅಂತ ಹತ್ತು ಗಂಟೆಗೆ ಎದ್ದು, ಆರಾಮಾಗಿ ತಿಂಡಿ ತಿಂದು, ಎರಡೂವರೆಗೆ ಊಟ ಹುಡುಕುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ. ಹೋಟೆಲ್ ಮುಂದಿನ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿರುವ ದಿನದ ಅಗ್ಗದ ಊಟ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರಕ್ಕೆ ಮಾತ್ರ. ಶನಿವಾರ ಅದೇ ಟೇಬಲ್‌ಗೆ ಜಾಸ್ತಿ ದುಡ್ಡು. ಹಾಗಾಗಿ ಶನಿವಾರದ ಮಧ್ಯಾಹ್ನ ಸಂತೆಯಲ್ಲಿ ಕೊಂಡ ಬ್ರೆಡ್ಡು, ಚೀಸು, ಹಣ್ಣು ತಗೊಂಡು ಪಾರ್ಕಿನಲ್ಲಿ ಕೂರುವುದೇ ಒಳ್ಳೆಯದು. ಐದೂ ಊರುಗಳನ್ನು ನಾನು ಅಳೆಯುವಾಗ ಇದೂ ಲೆಕ್ಕಕ್ಕೆ ಬರುತ್ತದೆ. ಸಂತೆಯಿಂದ ನೆರಳಿನ ಬೆಂಚಿಗೆ ಎಷ್ಟು ದೂರ?

ಆರ್ಲ್: ಬೆಳಗ್ಗೆ ಬೇಗ ಏಳುವವರಿಗೆ

ನನ್ನನ್ನು ಒಂದೇ ಊರು ಹೇಳು ಅಂದರೆ ಆರ್ಲ್ ಅನ್ನುತ್ತೇನೆ. ಕಾರಣ ಶನಿವಾರದ ಸಂತೆ. ಊರಿನ ದಕ್ಷಿಣ ಅಂಚಿನ ಬುಲ್ವಾರ್ ದೆ ಲೀಸ್ ರಸ್ತೆಯುದ್ದಕ್ಕೂ ಅಂಗಡಿಸಾಲು. ಸಾಲಿನ ಉದ್ದವೇ ಎರಡು ಕಿಲೋಮೀಟರ್ ಹತ್ತಿರ ಅನ್ನುತ್ತಾರೆ. ಬುಧವಾರವೂ ಇಲ್ಲಿ ಸಂತೆ ಉಂಟು, ಅದು ಬೇರೆ ರಸ್ತೆಯಲ್ಲಿ, ಸಣ್ಣದು. ಶನಿವಾರದ್ದೇ ಸಂತೆ.

ಒಂದು ಕಡೆಯಿಂದ ನಡೆಯುತ್ತಾ ಹೋಗಿ. ಮರದ ತೊಟ್ಟಿಗಳಲ್ಲಿ ಹಸಿರು, ಕಪ್ಪು, ನೇರಳೆ ಬಣ್ಣದ ಆಲಿವ್. ಕೇಳಿದರೆ ಚಮಚದಲ್ಲಿ ಒಂದೆರಡು ರುಚಿಗೆ ಕೊಡುತ್ತಾರೆ. ಮೇಕೆ ಹಾಲಿನ ಚೀಸು ಮಾರುವವರ ಹತ್ತಿರ ಒಂದೇ ಚೀಸಿನ ನಾಲ್ಕಾರು ವಯಸ್ಸು ಸಾಲಾಗಿ ಕೂತಿರುತ್ತವೆ. ನಿನ್ನೆ ಮೊನ್ನೆಯದು ಬೆಳ್ಳಗೆ, ಮೆತ್ತಗೆ, ಒದ್ದೆಒದ್ದೆ. ವಾರಗಟ್ಟಲೆ ಇಟ್ಟದ್ದು ಕುಗ್ಗಿ, ನೀಲಿ ಬೂದಿ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಬಡಿದರೆ ಟಕ್ ಅನ್ನುತ್ತದೆ. ಮೊದಲ ಸಲ ತಿನ್ನುವವರು ಮೆತ್ತಗಿನದನ್ನೇ ಕೇಳಿ. ಹಾಗೇ ಮುಂದೆ ಹೋದರೆ ಉತ್ತರ ಆಫ್ರಿಕಾ ಮೂಲದವರ ಅಂಗಡಿಗಳು. ಅಲ್ಲಿ ಕಂತೆ ಕಂತೆ ಕೊತ್ತಂಬರಿ, ಪುದೀನ, ಗೋಪುರದ ಹಾಗೆ ಪೇರಿಸಿದ ಮಸಾಲೆ ಪುಡಿ. ವಾರವಿಡೀ ಬ್ರೆಡ್ಡು ಬೆಣ್ಣೆ ತಿಂದ ಮೂಗಿಗೆ ಆ ಕೊತ್ತಂಬರಿ ವಾಸನೆ ಬಡಿದಾಗ ಹಸಿವಾಗುವುದು ಖಂಡಿತ.

ಇಲ್ಲೇ ಕೆಂಪಕ್ಕಿಯ ಚೀಲಗಳೂ ಕಾಣುತ್ತವೆ. ಆರ್ಲ್‌ನ ಕೆಳಗೆ ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಎಂಬ ಜವುಗು ಬಯಲಿದೆ. ಫ್ರಾನ್ಸಿನ ಭತ್ತದ ಕಣಜ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಯೆಟ್ನಾಂ ಕಡೆಯಿಂದ ಕರೆತಂದಿದ್ದ ಕೂಲಿಗಳ ದುಡಿಮೆಯಿಂದ ಇಲ್ಲಿ ಭತ್ತದ ಬೇಸಾಯ ಚಿಗುರಿತು. ಆ ಕೆಂಪಕ್ಕಿಯನ್ನು ನಮ್ಮ ಕರಾವಳಿಯ ಕುಚ್ಚಲಕ್ಕಿ ಅಂದುಕೊಂಡು ಕೊಳ್ಳಬೇಡಿ. ಗಂಜಿಗೆ ಬರುವುದಿಲ್ಲ, ಗಟ್ಟಿ ಗಟ್ಟಿ, ಸಲಾಡ್‌ಗೆ ಸರಿ.

ಸಂತೆ ಮುಗಿಸಿ ಊರೊಳಗೆ ಹೊಕ್ಕರೆ ಐದು ಹತ್ತು ನಿಮಿಷದ ನಡಿಗೆಯಲ್ಲಿ ರೋಮನ್ನರ ಅಖಾಡ. ಕ್ರಿ.ಶ. 90ರ ಸುಮಾರಿಗೆ ಕಟ್ಟಿದ್ದು. ಸುಮಾರು 20,000 ಜನ ಕೂರುತ್ತಿದ್ದರು. ಪಕ್ಕದಲ್ಲೇ ರೋಮನ್ ರಂಗಮಂದಿರ. ಟೌನ್‌ಹಾಲ್ ಹತ್ತಿರ ನೆಲದಡಿಯಲ್ಲಿ ರೋಮನ್ನರ ಕತ್ತಲ ಮೊಗಸಾಲೆಗಳಿವೆ, ಬೇಸಿಗೆ ಮಧ್ಯಾಹ್ನ ಅಲ್ಲಿ ಇಳಿದರೆ ತಣ್ಣಗೆ. ಈ ಸ್ಮಾರಕಗಳನ್ನು ಯುನೆಸ್ಕೋ 1981ರಲ್ಲೇ ಪಟ್ಟಿಗೆ ಸೇರಿಸಿದೆ.

ಆರ್ಲ್ ಹೆಸರು ಕೇಳಿದ ಕೂಡಲೇ ಎಲ್ಲರಿಗೂ ವ್ಯಾನ್ ಗಾಗ್ ನೆನಪಾಗುತ್ತಾನೆ. ಇಲ್ಲೇ ನಿರಾಸೆಯಾಗುವುದು. ಅವನು 1888ರ ಫೆಬ್ರುವರಿಯಲ್ಲಿ ಬಂದು 1889ರ ಮೇ ತನಕ ಇಲ್ಲಿದ್ದ. ಚಿತ್ರ ಬರೆದದ್ದು ರಾಶಿ ರಾಶಿ. ಆದರೆ ಊರಿನ ಸ್ವಂತದ ವ್ಯಾನ್ ಗಾಗ್ ಸಂಗ್ರಹ ಅಂತ ಇಲ್ಲಿಲ್ಲ. ಚಿತ್ರಗಳೆಲ್ಲ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಅಮೆರಿಕ ಅಂತ ಹಂಚಿಹೋಗಿವೆ. 2014ರಲ್ಲಿ ಶುರುವಾದ ವ್ಯಾನ್ ಗಾಗ್ ಫೌಂಡೇಶನ್‌ನಲ್ಲಿ ಎರವಲು ತಂದ ಕೆಲವನ್ನು ತೋರಿಸುತ್ತಾರೆ, ಹೆಚ್ಚು ಪಾಲು ಈಗಿನ ಕಲಾವಿದರ ಕೆಲಸ. ಅವನಿದ್ದ ಹಳದಿ ಮನೆ 1944ರ ಬಾಂಬಿಗೆ ಹೋಯಿತು. ರೈಲ್ವೆ ಸ್ಟೇಷನ್‌ನಿಂದ ಊರಿಗೆ ನಡೆಯುವಾಗ ಆ ಜಾಗ ಸಿಗುತ್ತದೆ. ಚಿತ್ರದಲ್ಲಿ ಹಳದಿ ಮನೆಯ ಹಿಂದೆ ಕಾಣುವ ಎತ್ತರದ ಕಟ್ಟಡ ಮಾತ್ರ ಈಗಲೂ ನಿಂತಿದೆ. ನನಗೇನೋ ಇಡೀ ಊರಿನ ವ್ಯಾನ್ ಗಾಗ್ ಫಲಕಗಳಿಗಿಂತ ಆ ಬಡಪಾಯಿ ಕಟ್ಟಡವೇ ಇಷ್ಟ.

ಮಧ್ಯಾಹ್ನಕ್ಕೆ ಲೂಮಾ ಎಂಬ ಕಲಾಕೇಂದ್ರ ಇದೆ. ಹಳೇ ರೈಲ್ವೆ ವರ್ಕ್‌ಶಾಪ್ ಜಾಗದಲ್ಲಿ ಫ್ರಾಂಕ್ ಗೆರಿ ವಿನ್ಯಾಸ ಮಾಡಿದ, 2021ರಲ್ಲಿ ತೆರೆದ, 56 ಮೀಟರ್ ಎತ್ತರದ ಸ್ಟೀಲಿನ ಗೋಪುರ. ಸುತ್ತ ಪಾರ್ಕು, ಕೊಳ. ಗೋಪುರ ಕೆಲವರಿಗೆ ಅದ್ಭುತ, ಕೆಲವರಿಗೆ ನಜ್ಜುಗುಜ್ಜಾದ ಡಬ್ಬ. ನೋಡಿ ನೀವೇ ಹೇಳಿ. ಇನ್ನೂ ಕಾಲಿನಲ್ಲಿ ಶಕ್ತಿ ಇದ್ದರೆ ನದಿಯ ಕಡೆಯ ಪುರಾತತ್ವ ಮ್ಯೂಸಿಯಂಗೆ ಹೋಗಿ. ರೋನ್ ನದಿಯ ತಳದಿಂದ ಎತ್ತಿದ 31 ಮೀಟರ್ ಉದ್ದದ ರೋಮನ್ ಸರಕು ದೋಣಿ ಅಲ್ಲಿದೆ.

ಅಖಾಡದಲ್ಲಿ ಗೂಳಿಯ ಆಟದ ಪೋಸ್ಟರ್ ಕಂಡರೆ ಟಿಕೆಟ್ ಕೊಳ್ಳುವ ಮೊದಲು ಹೆಸರು ಓದಿ. ಕೂರ್ಸ್ ಕಮಾರ್ಗೇಜ್ ಅಂತಿದ್ದರೆ ಗೂಳಿಯ ಕೊಂಬಿಗೆ ಕಟ್ಟಿದ ಕುಚ್ಚು ಕಿತ್ತುಕೊಳ್ಳುವ ಆಟ. ಗೂಳಿ ಮನೆಗೆ ವಾಪಸ್ ಹೋಗುತ್ತದೆ. ಕೊರಿದಾ ಅಂತಿದ್ದರೆ ಕೊಲ್ಲುತ್ತಾರೆ. ಗೊತ್ತಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನೀಮ್‌ಗೂ ಇದೇ ಮಾತು.

ಆರ್ಲ್‌ನ ಕೊರತೆ ಏನು? ಸಂತೆ ಎದ್ದ ಮೇಲೆ ಊರು ತಟ್ಟನೆ ಸುಮ್ಮನಾಗುತ್ತದೆ. ಚಳಿಗಾಲದಲ್ಲಂತೂ ಸಂಜೆ ಆರಕ್ಕೆಲ್ಲ ಬೀದಿ ಖಾಲಿ. ಜುಲೈನಿಂದ ಸೆಪ್ಟೆಂಬರ್ ತನಕ ಫೋಟೋಗ್ರಫಿ ಉತ್ಸವ ಇರುವಾಗ ಮಾತ್ರ ಬೇರೆ. 1970ರಿಂದ ನಡೆಯುತ್ತಿರುವ ಉತ್ಸವ ಅದು, ಹಳೇ ಚರ್ಚುಗಳಲ್ಲೆಲ್ಲ ಫೋಟೋ ತೂಗುಹಾಕಿರುತ್ತಾರೆ. ಮತ್ತೆ ಗಾಳಿ. ಮಿಸ್ಟ್ರಾಲ್ ಅಂತ ಉತ್ತರದಿಂದ ರೋನ್ ಕಣಿವೆ ಹಿಡಿದು ಬೀಸುವ ಗಾಳಿ ಆರ್ಲ್, ಅವಿನ್ಯೋನ್ ಎರಡನ್ನೂ ಬಿಡುವುದಿಲ್ಲ. ಆಕಾಶ ನೀಲಿ ಇದೆಯಲ್ಲಾ ಅಂತ ತೆಳು ಅಂಗಿಯಲ್ಲಿ ಹೊರಟರೆ ಮೂಳೆ ಕೊರೆಯುತ್ತದೆ.

ಎಕ್ಸ್-ಆನ್-ಪ್ರೊವಾನ್ಸ್: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಹಿರಿಯರಿದ್ದರೆ ಯೋಚನೆ ಬೇಡ, ಎಕ್ಸ್. ಊರ ನಡುವಿನ ಕೂರ್ ಮಿರಾಬೋ ರಸ್ತೆ ಅಗಲ, ಸಮತಟ್ಟು, ಎರಡೂ ಕಡೆ ದೊಡ್ಡ ಪ್ಲೇನ್ ಮರಗಳು. ಹೆಜ್ಜೆ ಹೆಜ್ಜೆಗೂ ಕಾರಂಜಿ. ಹತ್ತು ನಿಮಿಷ ನಡೆ, ಇಪ್ಪತ್ತು ನಿಮಿಷ ಕೂರು ಅನ್ನುವ ಲೆಕ್ಕದಲ್ಲಿ ಇಡೀ ದಿನ ಕಳೆಯಬಹುದು. ರಸ್ತೆಯ ಉತ್ತರ ಬದಿಗೆ ಕೆಫೆಗಳು, ಅಲ್ಲಿ ಬಿಸಿಲು. ದಕ್ಷಿಣ ಬದಿಗೆ ಹಳೇ ಶ್ರೀಮಂತರ ಮನೆಗಳು, ಅಲ್ಲಿ ನೆರಳು. ಏಪ್ರಿಲ್‌ನಲ್ಲಿ ಒಂದು ಬದಿ, ಆಗಸ್ಟ್‌ನಲ್ಲಿ ಇನ್ನೊಂದು ಬದಿ. ರಸ್ತೆಯ ಮಧ್ಯದಲ್ಲಿ ಪಾಚಿ ಮುಚ್ಚಿ ಕಲ್ಲೇ ಕಾಣದ ಒಂದು ಗುಡ್ಡೆ ಸಿಗುತ್ತದೆ. ಅದೂ ಕಾರಂಜಿಯೇ. ಕೈ ಒಡ್ಡಿ ನೋಡಿ. ಬಿಸಿನೀರ ಬುಗ್ಗೆಯ ನೀರು, ಚಳಿಗಾಲದಲ್ಲಿ ಆವಿ ಏಳುತ್ತದೆ. ಈ ಬುಗ್ಗೆಗಳಿಗಾಗಿಯೇ ರೋಮನ್ನರು ಕ್ರಿ.ಪೂ. 122ರಲ್ಲಿ ಇಲ್ಲಿ ತಳ ಊರಿದ್ದು.

ಸಂತೆ ಇಲ್ಲಿ ಮಂಗಳವಾರ, ಗುರುವಾರ, ಶನಿವಾರ ದೊಡ್ಡದು. ಪ್ಲಾಸ್ ರಿಶೆಲ್ಮ್ ಚೌಕದಲ್ಲಿ ಹಣ್ಣು ತರಕಾರಿ ದಿನವೂ ಇರುತ್ತದೆ. ಆರ್ಲ್‌ಗೆ ಹೋಲಿಸಿದರೆ ಅಚ್ಚುಕಟ್ಟು, ದುಬಾರಿ, ಫೋಟೋಗೆ ಚೆಂದ. ಹೂವಿನ ಸಂತೆ ಟೌನ್‌ಹಾಲ್ ಮುಂದಿನ ಚೌಕದಲ್ಲಿ. ಅಲ್ಲಿ ಹೂ ನೋಡಿ ಮುಗಿದ ಮೇಲೆ ಪಕ್ಕದ ಹಳೇ ಧಾನ್ಯದ ಮಾರುಕಟ್ಟೆ ಕಟ್ಟಡದ ನೆತ್ತಿಯ ಕಡೆ ಕತ್ತೆತ್ತಿ. ತ್ರಿಕೋನದ ಕೆತ್ತನೆಯಲ್ಲಿ ರೋನ್ ನದಿ ಮುದುಕನಾಗಿ, ದ್ಯುರಾನ್ಸ್ ನದಿ ಹೆಂಗಸಾಗಿ ಒರಗಿ ಕೂತಿದ್ದಾರೆ. ಆ ಹೆಂಗಸಿನ ಒಂದು ಕಾಲು ಚೌಕಟ್ಟು ದಾಟಿ ಆರಾಮಾಗಿ ಕೆಳಗೆ ಜೋತಾಡುತ್ತಿದೆ. ಪ್ರವಾಹ ಬಂದರೆ ದಂಡೆ ಮೀರುವ ನದಿ ಅದು, ಶಿಲ್ಪಿ ಹಾಗೇ ಕೆತ್ತಿದ ಅನ್ನುತ್ತಾರೆ. ಕೆಳಗೆ ಸಾವಿರ ಜನ ಓಡಾಡುತ್ತಾರೆ, ಮೇಲೆ ನೋಡುವವರು ಕಡಿಮೆ.

ಚಿತ್ರಕಲೆಯ ಆಸಕ್ತಿ ಇದ್ದವರಿಗೆ ಇದು ಸೆಜಾನ್‌ನ ಊರು. 1839ರಲ್ಲಿ ಇಲ್ಲೇ ಹುಟ್ಟಿ 1906ರಲ್ಲಿ ಇಲ್ಲೇ ಸತ್ತ. ಲೋವ್ ಗುಡ್ಡದ ಮೇಲೆ ಅವನ ಸ್ಟುಡಿಯೋ ಇದೆ, ಟಿಕೆಟ್ ಮೊದಲೇ ಕಾಯ್ದಿರಿಸಿಕೊಳ್ಳಿ. ಸಿಗದಿದ್ದರೂ ಚಿಂತೆ ಇಲ್ಲ, ಇನ್ನೂ ಸ್ವಲ್ಪ ಮೇಲೆ ಹತ್ತಿ. ಅವನು ಕೂತು ಸೇಂಟ್ ವಿಕ್ಟ್ವಾರ್ ಬೆಟ್ಟ ಬರೆಯುತ್ತಿದ್ದ ಜಾಗವನ್ನು ಸಣ್ಣ ಉದ್ಯಾನ ಮಾಡಿದ್ದಾರೆ, ದುಡ್ಡಿಲ್ಲ. 1,011 ಮೀಟರ್ ಎತ್ತರದ ಬೆಟ್ಟ ಎದುರಿಗೇ. ಆದರೆ ಏರು ಇದೆ, ಮಂಡಿನೋವಿನವರು ಕೂರ್ ಮಿರಾಬೋದಲ್ಲೇ ಇರಲಿ.

ಕ್ಯಾಲಿಸ್ಸೋನ್ ಅಂತ ಬಾದಾಮಿ, ಸಕ್ಕರೆಪಾಕದ ಕರಬೂಜ ಅರೆದು ಮಾಡುವ ಸಿಹಿ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಊರಿಗೆ ಒಯ್ಯಲು ಒಳ್ಳೆಯ ಸಾಮಾನು, ಬೇಗ ಕೆಡುವುದಿಲ್ಲ. ಮೇಲಿನ ಬಿಳಿ ಪದರದಲ್ಲಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಮೊಟ್ಟೆ ತಿನ್ನದವರಿಗೆ ಕೊಡುವ ಮೊದಲು ಹೇಳಿಬಿಡಿ.

ಎಕ್ಸ್‌ನ ದೊಡ್ಡ ಕಿರಿಕಿರಿ ಅಲ್ಲಿಗೆ ತಲುಪುವುದು. ವೇಗದ ರೈಲಿನ ಸ್ಟೇಷನ್ ಊರಿಂದ ಸುಮಾರು 15 ಕಿಲೋಮೀಟರ್ ದೂರ, ಅಲ್ಲಿಂದ ಬಸ್ಸು. ಆರ್ಲ್, ಅವಿನ್ಯೋನ್ ಕಡೆಯಿಂದ ಸಣ್ಣ ರೈಲಿನಲ್ಲಿ ಬರಲು ಮಾರ್ಸೇ ಸುತ್ತಬೇಕು. ನೀವು ಮಾರ್ಸೇಯಲ್ಲಿ ಉಳಿದಿದ್ದರೆ ಮಾತ್ರ ಇದು ಸುಲಭ, ಅಲ್ಲಿಂದ ಬಸ್ಸುಗಳು ಒಂದರ ಹಿಂದೆ ಒಂದು.

ನೀಮ್: ಯಾರೂ ಹೇಳದ ಊರು

ಐದರಲ್ಲಿ ಕಡಿಮೆ ಹೊಗಳಿಕೆ ಸಿಗುವುದು ನೀಮ್‌ಗೆ. ನನಗೆ ಕಾರಣ ಗೊತ್ತಿಲ್ಲ. ಸ್ಟೇಷನ್ ಇಳಿದು ನೇರ ನಡೆದರೆ ಅಗಲದ ಮರದ ಸಾಲು, ಹತ್ತು ನಿಮಿಷಕ್ಕೆ ಅಖಾಡ. ಆರ್ಲ್‌ನದ್ದಕ್ಕಿಂತ ಇದು ಗಟ್ಟಿಯಾಗಿ ಉಳಿದಿದೆ, ಮೇಲಿನ ಅಂಚೂ ಪೂರ್ತಿ. ಅಲ್ಲಿಂದ ಸ್ವಲ್ಪ ದೂರಕ್ಕೆ ಮೆಜೋ ಕಾರೆ. ಎರಡು ಸಾವಿರ ವರ್ಷದ ಹಿಂದಿನ ರೋಮನ್ ದೇವಸ್ಥಾನ, ಕಂಬ, ಸೂರು ಎಲ್ಲ ನೆಟ್ಟಗಿದೆ. ಯುನೆಸ್ಕೋ ಪಟ್ಟಿಗೆ ಸೇರಿದ್ದು ಈಚೆಗೆ, 2023ರಲ್ಲಿ. ಎದುರಿಗೆ ನಾರ್ಮನ್ ಫಾಸ್ಟರ್ ಕಟ್ಟಿದ ಗಾಜಿನ ಕಲಾಭವನ. ಅದರ ಮೇಲ್ಮಹಡಿಯ ಕೆಫೆಯಿಂದ ದೇವಸ್ಥಾನ ನೋಡಿದರೆ ಎರಡೂ ಕಟ್ಟಡ ಮಾತಾಡಿಕೊಳ್ಳುವ ಹಾಗಿರುತ್ತದೆ.

ಬಯಲು ಸಂತೆ ಬದಲು ಇಲ್ಲಿ ಸೂರಿನಡಿಯ ಮಾರುಕಟ್ಟೆ, ದಿನವೂ ಬೆಳಗ್ಗೆ. ಶನಿವಾರ ಸ್ವಲ್ಪ ಗಿಜಿಗಿಜಿ ಅಷ್ಟೇ. ಮಳೆ ಬಂದರೆ ಇದೇ ಒಳ್ಳೆಯದು. ಒಳಗೆ ಬ್ರಾಂಡಾದ್ ಅಂತ ಬೆಳ್ಳಗಿನ ಮುದ್ದೆಯೊಂದನ್ನು ತಟ್ಟೆತಟ್ಟೆ ಇಟ್ಟಿರುತ್ತಾರೆ. ಆಲೂಗಡ್ಡೆ ಅಂತ ಸಸ್ಯಾಹಾರಿಗಳು ಬಾಯಿಗಿಡಬೇಡಿ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಆಲಿವ್ ಎಣ್ಣೆ ಜೊತೆ ಅರೆದದ್ದು ಅದು.

ನೀಮ್‌ನ ಜೀವ ಇರುವುದು ಮಧ್ಯಾಹ್ನದಲ್ಲಿ, ಜಾರ್ದೆ ದ ಲಾ ಫೊಂತೆನ್ ಉದ್ಯಾನದಲ್ಲಿ. ಊರಿಗೆ ಮೂಲವಾದ ಬುಗ್ಗೆಯ ಸುತ್ತ 18ನೇ ಶತಮಾನದಲ್ಲಿ ಮಾಡಿದ್ದು. ಟಿಕೆಟ್ ಇಲ್ಲ. ಕಾಲುವೆ, ಕಲ್ಲಿನ ಕಟಾಂಜನ, ಗುಡ್ಡದ ತನಕ ಮರಗಳು. ಮಾರುಕಟ್ಟೆಯಿಂದ ಕಾಲು ಗಂಟೆ ನಡೆದರೆ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಐದೂ ಊರಲ್ಲಿ ಇಲ್ಲ. ನೆರಳಲ್ಲಿ ಮುದುಕರು ಪೆಟಾಂಕ್ ಆಡುತ್ತಿರುತ್ತಾರೆ. ಕಬ್ಬಿಣದ ಗುಂಡು ಎಸೆದು, ಬಗ್ಗಿ ನೋಡಿ, ಜೇಬಿನಿಂದ ಟೇಪು ತೆಗೆದು ದೂರ ಅಳೆದು, ಅರ್ಧ ಸೆಂಟಿಮೀಟರಿಗೆ ಐದು ನಿಮಿಷ ವಾದ ಮಾಡುತ್ತಾರೆ. ಭಾಷೆ ಬೇಕಿಲ್ಲ, ಯಾರು ಮೋಸ ಮಾಡುತ್ತಿದ್ದಾರೆ ಅಂತ ನಮಗೇ ಗೊತ್ತಾಗುತ್ತದೆ.

ರೋಮನ್ನರು ಈ ಊರಿಗೆ ನೀರು ತಂದದ್ದು ಯುಜೆಸ್ ಹತ್ತಿರದ ಬುಗ್ಗೆಯಿಂದ, ಸುಮಾರು 50 ಕಿಲೋಮೀಟರ್ ಕಾಲುವೆಯಲ್ಲಿ. ಆ ಕಾಲುವೆ ಗಾರ್ಡೋನ್ ನದಿ ದಾಟುವ ಮೂರು ಅಂತಸ್ತಿನ ಕಲ್ಲು ಸೇತುವೆಯೇ ಪೊಂ ದ್ಯು ಗಾರ್. ಬಸ್ಸಿದೆ, ಆದರೆ ಅದಕ್ಕೆ ಬೇರೆ ದಿನ ಇಡಿ.

ಮೊಂಪೆಲಿಯೆ: ಹರೆಯದವರಿಗೆ, ಮಕ್ಕಳಿಗೆ, ಸಂಜೆಗೆ

ಇದು ವಿದ್ಯಾರ್ಥಿಗಳ ಊರು. ಹಳೇ ಊರಿನೊಳಗೆ ಕಾರಿಲ್ಲ. ಬಣ್ಣಬಣ್ಣದ ಟ್ರಾಮು. ಬೆಳಗ್ಗೆ ಆರ್ಸೋ ಸಂತೆಗೆ ಹೋಗಿ. ಮಂಗಳವಾರ, ಶನಿವಾರ ನಡೆಯುತ್ತದೆ. 18ನೇ ಶತಮಾನದ ಎತ್ತರದ ನೀರುಗಾಲುವೆಯ ಕಮಾನುಗಳ ಬುಡದಲ್ಲೇ ಅಂಗಡಿ. ಪ್ರವಾಸಿಗರ ಸೋಪು, ಲ್ಯಾವೆಂಡರ್ ಚೀಲ ಇಲ್ಲಿ ಕಡಿಮೆ, ಬೆಳೆದವರೇ ತಂದು ಮಾರುವುದು ಜಾಸ್ತಿ. ಬೆಲೆಯೂ ಎಕ್ಸ್‌ಗಿಂತ ನ್ಯಾಯ. ಅದೇ ಕಾಲುವೆಯ ತುದಿಗೆ ಪೇರು ಮೈದಾನ. ಅಲ್ಲಿಂದ ಐದು ನಿಮಿಷ ಇಳಿದರೆ ಸಸ್ಯೋದ್ಯಾನ.

ಈ ಸಸ್ಯೋದ್ಯಾನಕ್ಕೆ ಮೊಂಪೆಲಿಯೆಗೆ ಹೋದವರೆಲ್ಲ ಹೋಗಲೇಬೇಕು. 1593ರಲ್ಲಿ ಶುರುವಾದದ್ದು, ಫ್ರಾನ್ಸಿನಲ್ಲೇ ಹಳೆಯದು. ಪಕ್ಕದ ವೈದ್ಯಕೀಯ ಕಾಲೇಜಿನ ಹುಡುಗರಿಗೆ ಔಷಧಿ ಗಿಡ ಪರಿಚಯಿಸಲು ಮಾಡಿದ್ದು. ಆ ಕಾಲೇಜಿನ ನಿಯಮಾವಳಿ 1220ರದ್ದು, ಪಾಠ ಈಗಲೂ ನಡೆಯುತ್ತಿದೆ. ಉದ್ಯಾನದಲ್ಲಿ ತಾವರೆ ಕೊಳ ಇದೆ, ಬಿದಿರು ಮೆಳೆ ಇದೆ. ಗಂಟುಗಂಟಾಗಿ ಮುದುಡಿದ ಒಂದು ಹಳೇ ಫಿಲೇರ್ ಮರವನ್ನು ಹುಡುಕಿ. ಅದರ ಕಾಂಡದ ಬಿರುಕು, ಪೊಟರೆಗಳಲ್ಲೆಲ್ಲ ಮಡಚಿದ ಚೀಟಿ. ಪ್ರೀತಿಯ ಹರಕೆ, ಪರೀಕ್ಷೆಯ ಹರಕೆ. ತೆಗೆದು ಓದುವುದು ತಪ್ಪು, ಆದರೆ ಒಂದೆರಡು ಹೊರಗೆ ಇಣುಕಿರುತ್ತವೆ.

ಬಿಸಿಲು ಜಾಸ್ತಿಯಾದರೆ ಫಾಬ್ರ್ ಮ್ಯೂಸಿಯಂ. ತಂಪು, ದೊಡ್ಡದು. ಸಂಜೆ ಐದರ ಮೇಲೆ ಕೊಮೆದಿ ಚೌಕಕ್ಕೆ ಬನ್ನಿ. ಬೀದಿ ವಾದ್ಯ, ಸ್ಕೇಟು ಹುಡುಗರು, ಐಸ್‌ಕ್ರೀಂ ಹಿಡಿದ ಸಂಸಾರಗಳು. ಉಳಿದ ನಾಲ್ಕು ಊರು ಮಲಗಲು ಹೊರಟ ಹೊತ್ತಿಗೆ ಮೊಂಪೆಲಿಯೆ ಎದ್ದು ಕೂರುತ್ತದೆ. ಮಕ್ಕಳು ಸಮುದ್ರ ಸಮುದ್ರ ಅಂತ ಹಟ ಹಿಡಿದರೆ ಕಡಲು ಹತ್ತೇ ಕಿಲೋಮೀಟರ್, ಟ್ರಾಮು ಬಸ್ಸು ಹಿಡಿದು ಹೋಗಬಹುದು.

ಎರಡು ಎಚ್ಚರಿಕೆ. ಶನಿವಾರ ಮಧ್ಯಾಹ್ನ ಆ ಚೌಕದಲ್ಲಿ ಮೆರವಣಿಗೆ, ಪ್ರತಿಭಟನೆ ಆಗುವುದುಂಟು. ಆಗ ನಡುವೆ ಟ್ರಾಮು ನಿಂತುಬಿಡುತ್ತದೆ. ರೈಲಿಗೆ ಹೊರಡುವವರು ನಡೆದೇ ಹೋಗುವಷ್ಟು ಸಮಯ ಇಟ್ಟುಕೊಳ್ಳಿ. ಮತ್ತೆ ಟಿಕೆಟ್ ಮಾಡುವಾಗ ಸ್ಟೇಷನ್ ಹೆಸರು ನೋಡಿ. ಸಾಂ ರೋಕ್ ಅಂದರೆ ಊರ ಮಧ್ಯ. ಸುದ್ ದ ಫ್ರಾನ್ಸ್ ಅಂದರೆ ಊರಾಚೆ. ನೀಮ್‌ಗೂ ಹಾಗೇ ಊರ ಹೊರಗೆ ಪೊಂ ದ್ಯು ಗಾರ್ ಹೆಸರಿನ ಸ್ಟೇಷನ್ ಒಂದಿದೆ. ಹೆಸರು ನೋಡಿ ಆ ಸೇತುವೆಯ ಹತ್ತಿರ ಇಳಿಸುತ್ತದೆ ಅಂದುಕೊಳ್ಳಬೇಡಿ, ಇಳಿಸುವುದಿಲ್ಲ.

ಅವಿನ್ಯೋನ್: ಎಲ್ಲರೂ ಹೋಗುವುದರಿಂದ

ಅವಿನ್ಯೋನ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಕಡಿಮೆ ಹೇಳುತ್ತೇನೆ. 14ನೇ ಶತಮಾನದ ಪೋಪರ ಅರಮನೆ ದೊಡ್ಡದು. ಒಳಗೆ ಖಾಲಿ ಕೋಣೆಗಳೇ ಹೆಚ್ಚು. ಅರ್ಧ ದಿನ ಅಲ್ಲಿಗೇ ಹೋಗುತ್ತದೆ. ನಿಧಾನದ ಶನಿವಾರಕ್ಕೆ ಹೊರಗಿನಿಂದ ನೋಡಿದರೂ ನಷ್ಟವಿಲ್ಲ. ಮುರಿದ ಸೇತುವೆಯ ಮೇಲೆ ನಡೆಯಲು ಟಿಕೆಟ್. 22 ಕಮಾನುಗಳಲ್ಲಿ 4 ಮಾತ್ರ ಉಳಿದಿವೆ. ಅದರ ಮೇಲೆ ನಿಂತರೆ ಅದೇ ಕಾಣುವುದಿಲ್ಲ, ಅಲ್ವಾ? ಪಕ್ಕದಿಂದ ಎದುರಿನ ದ್ವೀಪಕ್ಕೆ ಪುಕ್ಕಟೆ ದೋಣಿ ಹೋಗುತ್ತದೆ. ಓಡುವ ಸಮಯ ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ. ಆ ದಡದ ಹುಲ್ಲಿನ ಮೇಲೆ ಕೂತರೆ ಸೇತುವೆ, ಅರಮನೆ, ಕೋಟೆಗೋಡೆ ಎಲ್ಲ ಒಟ್ಟಿಗೆ.

ಟೆಂಚುರಿಯೆ ಬೀದಿ ಮಾತ್ರ ಬಿಡಬೇಡಿ. ಕಿರು ಕಾಲುವೆ, ಪಾಚಿ ಹಿಡಿದ ನೀರಿನ ಚಕ್ರಗಳು, ಮೇಲೆ ಮರದ ಚಪ್ಪರ. ಹಿಂದೆ ಬಣ್ಣಗಾರರ ಬೀದಿ ಅದು. 17ನೇ ಶತಮಾನದಲ್ಲಿ ಭಾರತದಿಂದ ಮಾರ್ಸೇ ಬಂದರಿಗೆ ಬಂದಿಳಿದ ಹೂಬಳ್ಳಿಯ ಹತ್ತಿ ಬಟ್ಟೆಗೆ ಫ್ರೆಂಚರು ಮರುಳಾದರು. ಸ್ವಂತ ರೇಷ್ಮೆ, ಉಣ್ಣೆಯ ವ್ಯಾಪಾರ ಹಾಳಾಗುತ್ತದೆ ಅಂತ ಸರ್ಕಾರ 1686ರಲ್ಲಿ ಅದನ್ನು ನಿಷೇಧಿಸಿತು. 1759ರ ತನಕ ನಿಷೇಧ ಇತ್ತು. ಅವಿನ್ಯೋನ್ ಆಗ ಪೋಪರ ಆಸ್ತಿ. ರಾಜನ ಕಾನೂನು ಅಲ್ಲಿಗೆ ಕೆಲ ಕಾಲ ತಾಗಲಿಲ್ಲ. ಹಾಗಾಗಿ ನಮ್ಮ ಕಡೆಯ ಅಚ್ಚಿನ ಬಟ್ಟೆಯ ನಕಲು ಇಲ್ಲಿ ಜೋರಾಗಿ ನಡೆಯಿತು. ಇವತ್ತು ಸಂತೆಗಳಲ್ಲಿ ಪ್ರೊವಾನ್ಸ್ ಮೇಜುಬಟ್ಟೆ ಅಂತ ಮಾರುವ ಹೂವಿನ ಅಚ್ಚಿನ ಬಟ್ಟೆಯ ಮೂಲ ಅದೇ. ಸೂಟ್‌ಕೇಸ್ ತುಂಬಾ ಕೊಂಡು ಭಾರತಕ್ಕೆ ಹೊರುವ ಮುಂಚೆ ಇದು ನೆನಪಿರಲಿ!

ಜುಲೈನಲ್ಲಿ ನಾಟಕೋತ್ಸವ. 1947ರಿಂದ ನಡೆಯುತ್ತಿದೆ. ನಾಟಕದ ಹುಚ್ಚಿದ್ದರೆ ಸ್ವರ್ಗ. ಇಲ್ಲದಿದ್ದರೆ ರೂಮಿನ ಬಾಡಿಗೆ ನೋಡಿಯೇ ಬೆವರು ಬರುತ್ತದೆ.

ಪಟ್ಟಿಯಲ್ಲಿ ಇಲ್ಲದವು

ಮಾರ್ಸೇ ನನಗಿಷ್ಟ, ಆದರೆ ಅದು ನಿಧಾನದ ಊರಲ್ಲ. ನೀಸ್‌ಗೆ ಹೋಗುವವರು ಕೂರ್ ಸಲೆಯಾ ಸಂತೆಯಲ್ಲಿ ಸೊಕ್ಕಾ ತಿನ್ನಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯಲ್ಲಿ ಬೇಯಿಸಿ ಕಾಳುಮೆಣಸು ಉದುರಿಸಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಕರಾವಳಿಯುದ್ದಕ್ಕೂ ಇಷ್ಟು ನಿಶ್ಚಿಂತೆಯ ತಿಂಡಿ ಮತ್ತೊಂದಿಲ್ಲ. ಬಾಕಿ ಕಡೆ ಕೇಳಿ ತಿನ್ನಬೇಕು. ಕಪ್ಪು ಆಲಿವ್ ಚಟ್ನಿ ತಾಪೆನಾದ್‌ನಲ್ಲೂ ಉಪ್ಪಿನ ಸಣ್ಣ ಮೀನು ಸೇರಿಸುತ್ತಾರೆ. ತುಲೂಜ್‌ಗೆ ಬೆಂಗಳೂರಿನಿಂದ ವಿಮಾನ ಕಂಪನಿ ಕೆಲಸದ ಮೇಲೆ ಹೋಗುವವರು ಬಹಳ. ಅವರಿಗೆ ಊರಲ್ಲೇ ಒಳ್ಳೆಯ ಶನಿವಾರ ಸಿಗುತ್ತದೆ. ಅಲ್ಲಿಂದ ಮೊಂಪೆಲಿಯೆಗೆ ರೈಲಿನಲ್ಲಿ ಎರಡು ಗಂಟೆಯ ಮೇಲಾಗುತ್ತದೆ.

ಬಾಡಿಗೆ ಕಾರು ಇದ್ದವರಿಗೆ ಮಾತ್ರ ಆರನೆಯದೊಂದು ಹೇಳುತ್ತೇನೆ, ಯುಜೆಸ್. ನೀಮ್‌ನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್, ಪುಟ್ಟ ಊರು. ಕಮಾನು ಮೊಗಸಾಲೆಗಳಿರುವ ಪ್ಲಾಸ್ ಓಝೆರ್ಬ್ ಚೌಕದಲ್ಲಿ ಶನಿವಾರ ಸಂತೆ ತುಂಬಿ ಪಕ್ಕದ ಓಣಿಗಳಿಗೂ ಹರಿಯುತ್ತದೆ. ಚೆಂದಕ್ಕೆ ಆರ್ಲ್‌ಗಿಂತ ಒಂದು ಕೈ ಮೇಲೆ. ಆದರೆ ಒಂಬತ್ತರ ಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ, ಮಧ್ಯಾಹ್ನದ ಮೇಲೆ ಮಾಡಲು ಕೆಲಸವಿಲ್ಲ. ಸಂತೆ ಮುಗಿಸಿ ನೀಮ್ ಉದ್ಯಾನಕ್ಕೆ ಇಳಿದುಬಿಡಿ. ಒಂದೇ ಊರು ಅನ್ನುವ ನನ್ನ ಹಟಕ್ಕೆ ಇಷ್ಟು ಮಾತ್ರ ರಿಯಾಯಿತಿ.

ಯಾವುದಕ್ಕೇ ಹೋದರೂ ಅಂಗಡಿ ಮುಂದೆ ನಿಂತ ಕೂಡಲೇ ಬೋಂಜೂರ್ ಅನ್ನಿ, ಆಮೇಲೆ ಬೆಲೆ ಕೇಳಿ. ಹಣ್ಣನ್ನು ಒತ್ತಿ ನೋಡಲು ಕೈ ಹಾಕಬೇಡಿ. ಕರಬೂಜ ಬೇಕಿದ್ದರೆ ಇವತ್ತಿಗೋ ನಾಳೆಗೋ ಅಂತ ಅವರೇ ಕೇಳಿ, ತೊಟ್ಟು ಮೂಸಿ ಆರಿಸಿ ಕೊಡುತ್ತಾರೆ. ಸಂಜೆ ಏಳರೊಳಗೆ ಭಾನುವಾರ ರಾತ್ರಿಯ ಊಟಕ್ಕೂ ಸೇರಿಸಿ ಸಾಮಾನು ತಂದಿಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಹಾಲಿನ ಪ್ಯಾಕೆಟ್ ಹುಡುಕುವುದು ಬೇಡ.